ನ್ಯೂನಪೋಷಣೆಯ ಕುರುಹುಗಳು



ಹೊಟ್ಟೆಗಿಲ್ಲದೆ ಕೃಶವಾದ ದೇಹವೆಂದೊಡನೆ ನಮ್ಮ ನೆನಪಿಗೆ ಬರುವುದು 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನು ಸುಟ್ಟ ಧಾತು-ಈಶ್ವರ ಸಂವತ್ಸರಗಳ ಬರ. ಅಂದು ಸಂಸ್ಥಾನದ ಜನರಲ್ಲಿ ಸುಮಾರು ಐದರಲ್ಲೊಂದು ಪಾಲು ನಾಶವಾಯಿತು. ಆ ಕಾಲದ ಎಲುಬುಗೂಡುಗಳ ಚಿತ್ರಗಳನ್ನು ಕಂಡವರಿಗೆ, ನ್ಯೂನಪೋಷಣೆಯೆಂಬುದು ಬೇರೆ ಕಾಲಕ್ಕೂ ಬೇರೆ ಊರಿಗೂ ಸೇರಿದ ವಿಷಯವೆಂದು ತೋರುವುದು ಸಹಜವೇ. ಬಸವನಗುಡಿಯಲ್ಲಿಯೋ ಮಲ್ಲೇಶ್ವರದಲ್ಲಿಯೋ ಚಾಮರಾಜಪೇಟೆಯಲ್ಲಿಯೋ, ಎರಡು ಹೊತ್ತೂ ಒಲೆಯುರಿಯುವ ಮನೆಯಲ್ಲಿ ಅದನ್ನು ಹುಡುಕಬೇಕೆಂದು ಯಾರಿಗೆ ತೋರೀತು? ಹುಡುಕಿದರೆ ಸಿಕ್ಕುತ್ತದೆಂಬುದನ್ನೇ ಈ ಹೊತ್ತು ಅರಿಕೆಮಾಡಬೇಕೆಂದಿದ್ದೇವೆ. ಅದಕ್ಕೆ ಬೇಕಾದ ಉಪಕರಣಗಳು ಬಹುಮಟ್ಟಿಗೆ ಕಣ್ಣು, ಕೈ ಮತ್ತು ಹಗಲ ಬೆಳಕು.

ನಮ್ಮ ಹಿಂದಿನ ವೈದ್ಯರು ರೋಗಿಯನ್ನು ದರ್ಶನ, ಸ್ಪರ್ಶನ, ಪ್ರಶ್ನ ಎಂಬ ಮೂರು ಬಗೆಯಿಂದ ಪರೀಕ್ಷಿಸಬೇಕೆಂದು ವಿಧಿಸಿದ್ದರು. ಇವುಗಳಲ್ಲಿ ಪ್ರಶ್ನವೊಂದು ಹೇಗೋ ಉಳಿದುಕೊಂಡಿದೆ. ಉಳಿದೆರಡರ ಸ್ಥಾನವನ್ನು ರಕ್ತಪರೀಕ್ಷೆಯ ಕಾಗದಗಳು ಆಕ್ರಮಿಸಿವೆ. ರೋಗಿಯೂ ಕುಳಿತೊಡನೆ ಕೈಯನ್ನಲ್ಲ, ಕಾಗದದ ಕಟ್ಟನ್ನು ಮುಂದೆ ಚಾಚುತ್ತಾನೆ. ನಾವು ಆ ಕಾಗದಗಳನ್ನು ಹಳಿಯುವವರಲ್ಲ. ಆದರೆ ಪೋಷಣೆಯ ವಿಷಯದಲ್ಲಿ ಅವು ಕೆಲವು ವೇಳೆ ದಾರಿ ತಪ್ಪಿಸುವುದುಂಟು. ರಕ್ತದಲ್ಲಿ ಆಲ್ಬುಮಿನ್ ಇಳಿದಿದ್ದರೆ ಊಟ ಸಾಲದೆಂದು ಬಹುಕಾಲ ಅರ್ಥಮಾಡುತ್ತಿದ್ದರು. ಸೋಂಕು, ಉರಿಯೂತಗಳಿಂದಲೂ ಅದು ಇಳಿಯುವುದೆಂದೂ, ಊಟ ಬಿಟ್ಟು ಬಡಕಲಾದವರಲ್ಲಿಯೂ ಅದು ಸರಿಯಾಗಿಯೇ ಇರಬಹುದೆಂದೂ ಈಗ ತಿಳಿದಿದೆ.

ಮೊದಲು ಮಗುವನ್ನು ನೋಡೋಣ. ಆರು ತಿಂಗಳಿನಿಂದ ಐದು ವರ್ಷದೊಳಗಿನ ಮಗುವಿನ ಎಡದೋಳಿನ ನಡುಭಾಗವನ್ನು ಅಳೆದಾಗ ಸುತ್ತಳತೆ 12.5 ಸೆಂಟಿಮೀಟರಿಗಿಂತ ಕಡಮೆಯಿದ್ದರೆ ಕೊರತೆಯುಂಟೆಂದೂ, 11.5ಕ್ಕಿಂತ ಕಡಮೆಯಿದ್ದರೆ ಪ್ರಾಣಕ್ಕೆ ಅಪಾಯವೆಂದೂ ತಿಳಿಯಬೇಕು. ಅಳತೆಯ ಪಟ್ಟಿಯಿಲ್ಲದಲ್ಲಿ 4 ಸೆಂಟಿಮೀಟರು ಒಳವ್ಯಾಸದ ಬಳೆಯೊಂದು ಸಾಕು. ಅದು ಮೊಣಕೈಯನ್ನು ದಾಟಿ ತೋಳಿಗೇರಿದರೆ ಮಗು ಬಡವಾಗಿದೆ. ಬಳೆಯಂಗಡಿಯೂ ವೈದ್ಯಶಾಸ್ತ್ರಕ್ಕೆ ಉಪಕರಣವೊದಗಿಸಬಲ್ಲದೆಂಬುದು ನಮಗೆ ಸಂತೋಷದ ಸಂಗತಿ. ತಕ್ಕಡಿ ಮಾತ್ರ ಒಂದು ಸಂದರ್ಭದಲ್ಲಿ ಸುಳ್ಳು ಹೇಳುತ್ತದೆ. ಎರಡು ಪಾದಗಳ ಮೇಲೂ ಹೆಬ್ಬೆರಳನ್ನು ಕೆಲವು ಕ್ಷಣ ಒತ್ತಿಹಿಡಿದು ತೆಗೆದಾಗ ಗುಳಿ ಹಾಗೆಯೇ ನಿಂತರೆ, ಮೈಯಲ್ಲಿ ನೀರು ತುಂಬಿದೆಯೆಂದು ಅರ್ಥ. ಆ ನೀರೇ ತೂಕವನ್ನು ತುಂಬಿಸಿ ತೋರಿಸುತ್ತದೆ. ಆಫ್ರಿಕದ ಗೋಲ್ಡ್ ಕೋಸ್ಟಿನಲ್ಲಿದ್ದ ಸಿಸಿಲಿ ವಿಲಿಯಮ್ಸ್ ಎಂಬ ವೈದ್ಯೆ 1933ರಲ್ಲಿ ಈ ರೋಗವನ್ನು ವರ್ಣಿಸಿದಳು. ಅಲ್ಲಿನವರ ಭಾಷೆಯಲ್ಲಿ ಅದರ ಹೆಸರಿಗೆ, ಮುಂದಿನ ಕೂಸು ಹುಟ್ಟಿದಾಗ ಹಿಂದಿನ ಕೂಸಿಗೆ ಬರುವ ಕಾಯಿಲೆಯೆಂದು ಅರ್ಥ. ಮೊಲೆಹಾಲು ತಪ್ಪಿ ಬರಿಯ ಗಂಜಿಗಿಳಿದ ಮಗುವನ್ನು ಕಂಡ ನಮ್ಮ ತಾಯಂದಿರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಕಣ್ಣಿಗೆ ಬರೋಣ. 1913ರಲ್ಲಿ ತೆರೆದ ಚಾಮರಾಜಪೇಟೆಯ ಮಿಂಟೋ ಆಸ್ಪತ್ರೆಯ ಹೆಸರನ್ನು ಅರಿಯದವರು ಈ ಪೇಟೆಗಳಲ್ಲಿ ವಿರಳ. ಬಿಳಿಗುಡ್ಡೆಯ ಹೊರಪಕ್ಕದಲ್ಲಿ ಸಾಬೂನಿನ ನೊರೆಯಂತೆ ಕೂತಿರುವ ಬೂದುಬಣ್ಣದ ಮಚ್ಚೆಯನ್ನು 1863ರಲ್ಲಿ ಬಿಟೋ ಎಂಬ ಫ್ರೆಂಚ್ ವೈದ್ಯನು ಇರುಳುಗುರುಡಿನೊಡನೆ ಸೇರಿಸಿ ವಿವರಿಸಿದನು. ವಿಟಮಿನ್ ಎ ಕೊರತೆಯ ಗುರುತು ಅದು. 1970ರಿಂದ ದೇಶದಲ್ಲಿ ಮಕ್ಕಳಿಗೆ ಆ ವಿಟಮಿನನ್ನು ಕುಡಿಸುವ ಏರ್ಪಾಡಾಗಿ, ಮಚ್ಚೆ ಈಗ ಅಪರೂಪವಾಗಿದೆ. ಅಪರೂಪವಾಗದಿರುವುದು ಕೆಳರೆಪ್ಪೆಯೊಳಗಿನ ಬಿಳಿಚಿಕೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದಲ್ಲಿ 15ರಿಂದ 49 ವರ್ಷದ ಸ್ತ್ರೀಯರ ಪೈಕಿ ನೂರಕ್ಕೆ ಸುಮಾರು 48 ಮಂದಿ ರಕ್ತಹೀನರು. ಪಾತ್ರೆ ತೊಳೆಯಲು ಬರುವ ಹೆಂಗಸೂ ಆ ಲೆಕ್ಕದಲ್ಲಿರಬಹುದು, ಮನೆಯೊಡತಿಯೂ ಇರಬಹುದು. ರೆಪ್ಪೆ ಕೆಂಪಾಗಿ ಕಂಡಮಾತ್ರಕ್ಕೆ ನಿಶ್ಚಿಂತರಾಗತಕ್ಕದ್ದಲ್ಲ. ಅಲ್ಪಸ್ವಲ್ಪ ರಕ್ತಹೀನತೆ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಕಾಗದವೇ ಮೇಲು.

ಆದರೆ ಈ ಹಳೆಯ ಬಡಾವಣೆಗಳಲ್ಲಿ ನಮ್ಮ ಕಣ್ಣು ತಪ್ಪಿಸಿಕೊಳ್ಳುವವರೆಂದರೆ ವೃದ್ಧರು. ಮಕ್ಕಳು ಪರದೇಶದಲ್ಲಿ, ಮನೆ ದೊಡ್ಡದು, ಅಡಿಗೆ ಒಬ್ಬರಿಗೆ. ಒಬ್ಬರಿಗಾಗಿ ಹುಳಿ ಪಲ್ಯಗಳೇಕೆಂದು ಮಧ್ಯಾಹ್ನ ಮಜ್ಜಿಗೆಯನ್ನ; ರಾತ್ರಿ ಕಾಫಿ, ಎರಡು ಬಿಸ್ಕತ್ತು. ಹಲ್ಲು ಹೋದೊಡನೆ ತರಕಾರಿಯೂ ಹೋಯಿತು. ಇದರ ಮೇಲೆ ಪಥ್ಯ. ಸಕ್ಕರೆ ಕಾಯಿಲೆಗೆಂದು ಒಬ್ಬ ವೈದ್ಯರು ಅನ್ನವನ್ನೂ, ರಕ್ತದೊತ್ತಡಕ್ಕೆಂದು ಇನ್ನೊಬ್ಬರು ಉಪ್ಪನ್ನೂ, ಮೂತ್ರಪಿಂಡದ ದೆಸೆಯಿಂದ ಮತ್ತೊಬ್ಬರು ಬೇಳೆಯನ್ನೂ ಕಡಮೆ ಮಾಡಿಸುತ್ತಾರೆ. ಒಬ್ಬೊಬ್ಬರ ಮಾತೂ ಸರಿಯೇ. ಮೂರನ್ನೂ ಕೂಡಿಸಿದ ಮೇಲೆ ಎಲೆಯಲ್ಲಿ ಏನು ಉಳಿಯಿತೆಂದು ನೋಡುವವರಿಲ್ಲ. ಏಕಾದಶಿಯೂ ಒಪ್ಪತ್ತೂ ಇದಕ್ಕೆ ಸೇರುತ್ತವೆ.

ಇಂಥವರನ್ನು "ಊಟ ಚೆನ್ನಾಗಿ ಮಾಡುತ್ತೀರೋ?" ಎಂದು ಕೇಳಿ ಫಲವಿಲ್ಲ, ಮಾಡುತ್ತೇವೆಂದೇ ಹೇಳುತ್ತಾರೆ. ನಿನ್ನೆ ರಾತ್ರಿ ಏನು ತಿಂದಿರೆಂದು ಕೇಳಬೇಕು. ಬಳಿಕ ನೋಡಬೇಕು. ಕಣ್ಣಿನ ಪಕ್ಕದ ಕಪೋಲ ಗುಳಿಬಿದ್ದಿದೆಯೆ? ಹೆಬ್ಬೆರಳಿಗೂ ತೋರುಬೆರಳಿಗೂ ನಡುವಣ ಮಾಂಸ ಇಳಿದು ಹಳ್ಳವಾಗಿದೆಯೆ? ಶಾಲನ್ನು ಸರಿಸಿದರೆ ಕೊರಳೆಲುಬು ಕೋಲಿನಂತೆ ಎದ್ದು ಕಾಣುತ್ತದೆಯೆ? ಮೀನಖಂಡದ ಸುತ್ತಳತೆ 31 ಸೆಂಟಿಮೀಟರಿಗಿಂತ ಕಡಮೆಯಾದರೆ ಸ್ನಾಯು ಕರಗಿದೆಯೆಂದು ಶಂಕಿಸಬೇಕು. ಮನೆಯವರಿಗೆ ಇದಕ್ಕಿಂತ ಸುಲಭವಾದ ಗುರುತುಗಳುಂಟು: ಉಂಗುರ ಜಾರದಿರಲೆಂದು ಸುತ್ತಿದ ದಾರ, ಗಡಿಯಾರದ ಪಟ್ಟಿಗೆ ಹೊಸದಾಗಿ ಕೊರೆದ ತೂತು, ಮಾತನಾಡುವಾಗ ಕಟಕಟಿಸುವ ಕಟ್ಟಿಸಿದ ಹಲ್ಲು. ಬೇಕೆಂದು ಇಳಿಸದೆ ಆರು ತಿಂಗಳಲ್ಲಿ ತೂಕ ನೂರಕ್ಕೆ ಐದು ಪಾಲಿಗಿಂತ ಹೆಚ್ಚು ಇಳಿದರೆ, ಎಂದರೆ 60 ಕಿಲೋ ಇದ್ದವರು 57ರ ಕೆಳಗೆ ಬಂದರೆ, ಅದನ್ನು ವಯೋಧರ್ಮವೆಂದು ಬಿಡುವುದು ಸರಿಯಲ್ಲ.

ಕೃಶರಲ್ಲದವರಲ್ಲಿಯೂ ಕೊರತೆಯಿರಬಹುದು. ವಿಟಮಿನ್ ಬಿ-12 ಗಿಡಮರಗಳಲ್ಲಿ ದೊರೆಯತಕ್ಕ ವಸ್ತುವಲ್ಲ. ಸಸ್ಯಾಹಾರಿಗೆ ಹಾಲು ಮೊಸರುಗಳೇ ಗತಿ, ಕಾಫಿಗೆ ಬೆರೆಸಿದ ಹಾಲು ಅದಕ್ಕೆ ಸಾಲದು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಗುಳಿಗೆಯೂ, ವರ್ಷಗಟ್ಟಲೆ ನುಂಗುವ ಆಮ್ಲಶಾಮಕಗಳೂ ಅದನ್ನು ಇನ್ನಷ್ಟು ಇಳಿಸುತ್ತವೆ. ನಾಲಗೆ ಚಾಚಿಸಿದರೆ ಒರಟುತನ ಹೋಗಿ ನುಣ್ಣಗೆ ಕೆಂಪಾಗಿರುತ್ತದೆ. ಬೆರಳ ಗೆಣ್ಣುಗಳು ಕಪ್ಪಿಡುತ್ತವೆ. ಬಾಯಿಯ ಮೂಲೆಗಳೂ ಒಡೆಯಬಹುದು. ಸರಿಯಾಗಿ ಕೂಡದ ಹಲ್ಲಿನ ಸೆಟ್ಟಿನಿಂದಲೂ ಹಾಗಾಗುವುದಾದ್ದರಿಂದ, ಅದೊಂದನ್ನೇ ನೆಚ್ಚಲಾಗದು. ಮುಖ್ಯವಾದುದು ಪಾದ. ಕಾಲುಚೀಲ ತೆಗೆಸದೆ ಈ ರೋಗ ತಿಳಿಯದು. ಶ್ರುತಿಕವೆಯನ್ನು ಮಿಡಿದು ಹೆಬ್ಬೆಟ್ಟಿನ ಮೇಲಿಟ್ಟರೆ ಅದರ ಕಂಪ ತಿಳಿಯುವುದಿಲ್ಲ. ಪಾದಗಳನ್ನು ಕೂಡಿಸಿ ಕಣ್ಣುಮುಚ್ಚಿ ನಿಂತರೆ ದೇಹ ತೂಗಾಡುತ್ತದೆ. ಕಾಲಿನಿಂದ ಚಪ್ಪಲಿ ಜಾರಿದ್ದು ಅರಿವಾಗಲಿಲ್ಲವೆಂದು ರೋಗಿಗಳೇ ಹೇಳುವುದುಂಟು. ಹಿಮೋಗ್ಲೋಬಿನ್ ಸರಿಯಿರುವಾಗಲೂ ನರಗಳು ಹೀಗೆ ಕೆಡಬಹುದು.

ತಾಯಿಯಲ್ಲಿ ಈ ಕೊರತೆಯಿದ್ದರೆ ಮೊಲೆಯುಣ್ಣುವ ಕೂಸಿಗೂ ಅದು ತಟ್ಟುತ್ತದೆ. ಕೂಸು ಗುಂಡುಗುಂಡಾಗಿಯೇ ಇರುತ್ತದೆ. ನೆಂಟರು ಹೊಗಳಿ ದೃಷ್ಟಿ ನಿವಾಳಿಸುತ್ತಾರೆ. ಆದರೆ ಬಣ್ಣ ಬಿಳಿಚಿದೆ, ಕೂದಲು ವಿರಳ, ಗೆಣ್ಣು ಕಪ್ಪು. ಕಲಿತಿದ್ದ ನಗುವನ್ನೂ ಕೂರುವುದನ್ನೂ ಮರೆಯುತ್ತಿದೆ, ಕೈ ನಡುಗುತ್ತದೆ. ಆ ಬಳೆ ಇಲ್ಲಿ ಏನನ್ನೂ ಹೇಳದು.

ಬಿ-12 ಅನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ್ದು 1948ರಲ್ಲಿ. ಈಗ ಅದು ಅಗ್ಗವಾದ ಚುಚ್ಚುಮದ್ದು. ಕೊಟ್ಟ ಕೆಲವು ದಿನಗಳಲ್ಲಿ ನಾಲಗೆಯ ಉರಿ ಶಮನವಾಗುತ್ತದೆ, ಕೆಲವು ವಾರಗಳಲ್ಲಿ ರಕ್ತ ಸುಧಾರಿಸುತ್ತದೆ. ಪಾದದ ಸ್ಪರ್ಶಜ್ಞಾನ ಮರಳುವುದಕ್ಕೆ ತಿಂಗಳುಗಳು ಬೇಕು. ಬಹುಕಾಲ ಕೆಟ್ಟಿದ್ದ ನರವಾದರೆ ಪೂರ್ಣವಾಗಿ ಮರಳದೆಯೂ ಇರಬಹುದು.