ಬಾಟಲಿಯಲ್ಲಿ ಬರುವ ಸಕ್ಕರೆ
(ರೈತರ ಸಭೆಯೊಂದರಲ್ಲಿ ಗ್ರಾಮಸೇವಕರು ಮಾಡಿದ ಭಾಷಣ)



ಈ ದಿನ ನಾನು ಗೊಬ್ಬರದ ವಿಷಯವನ್ನಾಗಲಿ, ಬೀಜೋಪಚಾರದ ವಿಷಯವನ್ನಾಗಲಿ ಹೇಳಲು ನಿಂತಿಲ್ಲ. ಅಂಗಡಿಯಿಂದ ಬಾಟಲಿಯಲ್ಲಿ ಬರುವ ಸಿಹಿ ಪಾನೀಯಗಳ ವಿಷಯವಾಗಿ ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಮಂಡ್ಯ ಸೀಮೆಯಲ್ಲಿ ನಿಂತು ಸಕ್ಕರೆಯನ್ನು ಕಡಮೆ ಮಾಡಿರೆಂದು ಹೇಳುವುದು ಸುಲಭವಲ್ಲ. ೧೯೩೩ರಲ್ಲಿ ಇಲ್ಲಿ ಮೈಸೂರು ಸಕ್ಕರೆ ಕಂಪನಿ ಸ್ಥಾಪನೆಯಾದಂದಿನಿಂದ ಕಬ್ಬೇ ನಮ್ಮ ಸಂಸಾರಗಳ ಆಧಾರ. "ಕಬ್ಬು ನೆಡಿ ಎನ್ನುವವನೂ ನೀನೇ, ಸಕ್ಕರೆ ಬೇಡ ಎನ್ನುವವನೂ ನೀನೇ, ಇದೇನಪ್ಪ?" ಎಂದು ತಾವು ಕೇಳಬಹುದು. ಅದಕ್ಕೆ ಕೊನೆಯಲ್ಲಿ ಉತ್ತರ ಹೇಳುತ್ತೇನೆ. ನಾನು ವೈದ್ಯನಲ್ಲ, ಕೃಷಿ ಡಿಪ್ಲೊಮಾ ಓದಿದವನು. ಆದರೆ ತೂಕ, ಅಳತೆ, ಶೇಕಡಾ ಲೆಕ್ಕ ನನ್ನ ಕಸುಬಿಗೆ ಸೇರಿದವು. ಆದುದರಿಂದ ಮೊದಲು ಲೆಕ್ಕವನ್ನೇ ನೋಡೋಣ.

ಬಾಟಲಿಯ ಮೇಲಿನ ಚೀಟಿಯನ್ನು ಓದಿ ನೋಡಿ. ಸಾಮಾನ್ಯವಾದ ಕೋಲಾ ಪಾನೀಯದಲ್ಲಿ ೧೦೦ ಮಿಲಿ ಲೀಟರಿಗೆ ಸುಮಾರು ೧೦ ಗ್ರಾಂ ಸಕ್ಕರೆ ಇರುತ್ತದೆ. ೩೦೦ ಮಿಲಿ ಲೀಟರಿನ ಬಾಟಲಿಯಲ್ಲಿ ೩೦ ಗ್ರಾಂ, ಎಂದರೆ ಏಳೂವರೆ ಚಹಾ ಚಮಚ. ಮದುವೆ ಮನೆಗೆ ತರುವ ಎರಡೂಕಾಲು ಲೀಟರಿನ ದೊಡ್ಡ ಬಾಟಲಿಯಲ್ಲಿ ಕಾಲು ಕಿಲೋಗೆ ಸ್ವಲ್ಪವೇ ಕಡಮೆ. ಒಂದು ಲೋಟ ಕಾಫಿಗೆ ಏಳು ಚಮಚ ಸಕ್ಕರೆ ಹಾಕಿಕೊಟ್ಟರೆ ನಾವು ಕುಡಿಯಲಾರೆವು. ಬಾಟಲಿಯಲ್ಲಿ ಹುಳಿಯೂ ತಂಪೂ ಗ್ಯಾಸೂ ಸೇರಿರುವುದರಿಂದ ಅಷ್ಟು ಸಿಹಿ ನಾಲಗೆಗೆ ತಿಳಿಯುವುದೇ ಇಲ್ಲ.

ಇನ್ನು ದೇಹಕ್ಕೆ ಎಷ್ಟು ಸಾಕು? ವಿಶ್ವ ಆರೋಗ್ಯ ಸಂಸ್ಥೆಯು ೨೦೧೫ರಲ್ಲಿ ಹೇಳಿರುವಂತೆ, ಊಟದಿಂದ ಬರುವ ಒಟ್ಟು ಶಕ್ತಿಯಲ್ಲಿ ಇಂಥ ಸಕ್ಕರೆಯ ಪಾಲು ನೂರಕ್ಕೆ ಹತ್ತನ್ನು ಮೀರಬಾರದು. ಐದಕ್ಕಿಂತ ಕಡಮೆಯಾದರೆ ಇನ್ನೂ ಒಳ್ಳೆಯದು. ದಿನಕ್ಕೆ ೨೦೦೦ ಕ್ಯಾಲೊರಿ ಬೇಕಾದವರಿಗೆ ಹತ್ತರ ಲೆಕ್ಕದಲ್ಲಿ ೫೦ ಗ್ರಾಂ, ಐದರ ಲೆಕ್ಕದಲ್ಲಿ ೨೫ ಗ್ರಾಂ. ಒಂದೇ ಬಾಟಲಿ ಈ ಎರಡನೆಯ ಮಿತಿಯನ್ನು ದಾಟಿಬಿಡುತ್ತದೆ. ಅದರ ಮೇಲೆ ದಿನಕ್ಕೆ ಐದು ಲೋಟ ಕಾಫಿ, ಟೀ, ಲೋಟಕ್ಕೆ ಎರಡು ಚಮಚದಂತೆ ಕುಡಿದರೆ ಮತ್ತೆ ೪೦ ಗ್ರಾಂ ಆಯಿತು.

"ನಾವು ಗದ್ದೆಯಲ್ಲಿ ಬೆವರು ಸುರಿಸುವವರು, ನಮಗೆಲ್ಲ ಕರಗಿಹೋಗುತ್ತದೆ" ಎಂದು ಕೆಲವರು ಹೇಳುತ್ತಾರೆ. ದುಡಿಯುವ ಮೈಗೆ ಹೆಚ್ಚು ಶಕ್ತಿ ಬೇಕೆಂಬುದು ನಿಜ. ಆದರೆ ಉಳುವುದಕ್ಕೆ ಟ್ರ್ಯಾಕ್ಟರು, ಕೊಯ್ಯುವುದಕ್ಕೆ ಯಂತ್ರ, ಪೇಟೆಗೆ ಹೋಗುವುದಕ್ಕೆ ಮೋಟಾರು ಸೈಕಲ್ಲು ಬಂದ ಮೇಲೆ ನಮ್ಮ ದುಡಿಮೆ ಹಿಂದಿನಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ದೇಶದಾದ್ಯಂತ ನಡೆದ ಸಮೀಕ್ಷೆಯ ಫಲ ೨೦೨೩ರಲ್ಲಿ ಪ್ರಕಟವಾಯಿತು. ದೇಶದಲ್ಲಿ ಸಕ್ಕರೆ ಕಾಯಿಲೆಯವರು ಸುಮಾರು ೧೦ ಕೋಟಿ. ಪಟ್ಟಣಗಳಲ್ಲಿ ನೂರಕ್ಕೆ ೧೬ ಜನ, ಹಳ್ಳಿಗಳಲ್ಲಿ ಸುಮಾರು ೯ ಜನ. ಇದನ್ನು ಕೇಳಿ ಸಮಾಧಾನಪಡಬೇಡಿ. ಕಾಯಿಲೆಯ ಹೊಸ್ತಿಲಲ್ಲಿ ನಿಂತಿರುವವರು ಪಟ್ಟಣದಲ್ಲೂ ಹಳ್ಳಿಯಲ್ಲೂ ಒಂದೇ ಸಮ: ನೂರಕ್ಕೆ ಸುಮಾರು ೧೫ ಜನ.

ಸಕ್ಕರೆ ಕಾಯಿಲೆಗೆ ಸಿಹಿಯೊಂದೇ ಕಾರಣವಲ್ಲ. ವಂಶದ ಗುಣ, ಬೊಜ್ಜು, ಕೂತು ತಿನ್ನುವ ಅಭ್ಯಾಸ ಎಲ್ಲವೂ ಸೇರುತ್ತವೆ. ಆದರೂ ಕುಡಿಯುವ ಸಕ್ಕರೆಯಲ್ಲಿ ಒಂದು ವಿಶೇಷ ಕೆಡುಕುಂಟು. ಮುದ್ದೆ ಉಂಡರೆ ಹೊಟ್ಟೆ ತುಂಬಿತೆಂದು ತಿಳಿಯುತ್ತದೆ. ಪಾನೀಯ ಕುಡಿದರೆ ಹಾಗೆ ತಿಳಿಯುವುದಿಲ್ಲ, ಊಟ ಕಡಮೆಯಾಗುವುದಿಲ್ಲ. ಸಕ್ಕರೆಯಲ್ಲಿ ಅರ್ಧ ಗ್ಲೂಕೋಸು, ಅರ್ಧ ಫ್ರಕ್ಟೋಸು. ಫ್ರಕ್ಟೋಸನ್ನು ಬಹುಮಟ್ಟಿಗೆ ಯಕೃತ್ತೇ ಅರಗಿಸಬೇಕು. ಮಿತಿಮೀರಿ ಬಂದುದನ್ನು ಅದು ಕೊಬ್ಬಾಗಿ ಮಾರ್ಪಡಿಸುತ್ತದೆ. ಹೆಂಡ ಮುಟ್ಟದವರಿಗೂ ಯಕೃತ್ತಿನಲ್ಲಿ ಕೊಬ್ಬು ಕೂಡುವುದಕ್ಕೆ ಇದೂ ಒಂದು ಕಾರಣ. ಇದಲ್ಲದೆ ಪಾನೀಯದ ಆಮ್ಲವು ಹಲ್ಲಿನ ಮೇಲ್ಪದರವನ್ನು ಸವೆಸುತ್ತದೆ. ಸಕ್ಕರೆಯು ಹುಳುಕನ್ನು ಬೆಳೆಸುತ್ತದೆ.

ಮುಸುಕಿನ ಜೋಳದ ಪಾಕದ ವಿಷಯವನ್ನೂ ತಾವು ಕೇಳಿರಬಹುದು. ಜೋಳದ ಪಿಷ್ಟವನ್ನು ಕಿಣ್ವಗಳಿಂದ ಗ್ಲೂಕೋಸು ಮಾಡಿ, ಅದರಲ್ಲಿ ಒಂದು ಭಾಗವನ್ನು ಫ್ರಕ್ಟೋಸಾಗಿ ಮಾರ್ಪಡಿಸಿದರೆ ಈ ಪಾಕವಾಗುತ್ತದೆ. ಅಮೆರಿಕದಲ್ಲಿ ೧೯೮೦ರ ದಶಕದಲ್ಲಿ ಕೋಲಾ ಕಂಪನಿಗಳು ಸಕ್ಕರೆಯನ್ನು ಬಿಟ್ಟು ಇದನ್ನು ಹಿಡಿದವು. ಪಾನೀಯಕ್ಕೆ ಬಳಸುವ ಪಾಕದ ಸಕ್ಕರೆಯಲ್ಲಿ ನೂರಕ್ಕೆ ೫೫ ಪಾಲು ಫ್ರಕ್ಟೋಸು. ನಮ್ಮ ಸಕ್ಕರೆಗೂ ಅದಕ್ಕೂ ಹೆಚ್ಚಿನ ಅಂತರವಿಲ್ಲ. ಚೀಟಿಯ ಮೇಲೆ ಲಿಕ್ವಿಡ್ ಗ್ಲೂಕೋಸ್, ಇನ್ವರ್ಟ್ ಸಿರಪ್, ಫ್ರಕ್ಟೋಸ್ ಸಿರಪ್ ಎಂದು ಯಾವ ಹೆಸರೇ ಇರಲಿ, ಸಕ್ಕರೆಯೆಂದೇ ತಿಳಿಯಿರಿ. ಸಕ್ಕರೆಯಿಲ್ಲದೆ ಬೇರೆ ರಾಸಾಯನಿಕದಿಂದ ಸಿಹಿ ಮಾಡಿದ ಪಾನೀಯಗಳೂ ಇವೆ. ತೂಕ ಇಳಿಸುವುದಕ್ಕೆಂದು ಅಂಥವನ್ನು ನಂಬಿಕೊಳ್ಳಬೇಡಿರೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೨೩ರಲ್ಲಿ ಸಲಹೆ ಮಾಡಿದೆ.

ಹಾಗಾದರೆ ಬೆಲ್ಲ? ಬೆಲ್ಲದಲ್ಲಿ ಕಬ್ಬಿಣ ಮೊದಲಾದ ಲವಣಗಳು ಸ್ವಲ್ಪ ಉಳಿದಿರುತ್ತವೆ. ಆದರೆ ಅದರ ಬಹುಪಾಲು ಸಕ್ಕರೆಯೇ. ಸಕ್ಕರೆ ಕಾಯಿಲೆಯವರು ಬೆಲ್ಲವೆಂದು ಧೈರ್ಯವಾಗಿ ತಿನ್ನಬಾರದು. ಕಬ್ಬಿನ ಹಾಲೂ ಹಾಗೆಯೇ. ಪಕ್ವವಾದ ಕಬ್ಬಿನ ರಸಕ್ಕೆ ಬ್ರಿಕ್ಸ್ ನೋಡಿದರೆ ೧೮, ೨೦ ಬರುವುದನ್ನು ತಾವೇ ಕಂಡಿದ್ದೀರಿ. ಅದರಲ್ಲಿ ಕೋಲಾಕ್ಕಿಂತ ಹೆಚ್ಚು ಸಿಹಿಯಿದೆ. ಹಬ್ಬಕ್ಕೊಮ್ಮೆ ಕುಡಿಯುವುದು ಬೇರೆ, ದಿನವೂ ಕುಡಿಯುವುದು ಬೇರೆ. ಆಲೆಮನೆ ನಡೆಸುವವರಿಗೆ ಇನ್ನೊಂದು ಮಾತು: ಬಣ್ಣ ಬರಲೆಂದು ಹೈಡ್ರೋಸ್ ಸುರಿಯುವುದನ್ನು ಬಿಡಿ. ಬೆಂಡೆ ಗಿಡದ ಲೋಳೆಯಿಂದ ಮಡ್ಡಿ ತೆಗೆಯುವುದು ನಮ್ಮ ಹಳೆಯ ಕ್ರಮ, ಅದೇ ಒಳ್ಳೆಯದು.

ತಾಯಂದಿರು ಈ ಮಾತನ್ನು ಮುಖ್ಯವಾಗಿ ಗಮನಿಸಬೇಕು. ಮಗುವಿಗೆ ಭೇದಿಯಾದಾಗ ಬಾಟಲಿಯ ಪಾನೀಯವನ್ನಾಗಲಿ, ಡಬ್ಬಿಯ ಹಣ್ಣಿನ ರಸವನ್ನಾಗಲಿ ಕೊಡಬೇಡಿ. ಅತಿಯಾದ ಸಕ್ಕರೆಯು ಕರುಳಿಗೆ ನೀರನ್ನು ಎಳೆದು ಭೇದಿಯನ್ನು ಹೆಚ್ಚಿಸುತ್ತದೆ. ಆಸ್ಪತ್ರೆಯ ಓಆರ್‌ಎಸ್ ಪೊಟ್ಟಣವೇ ಸರಿ. ಅದು ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರು ನೀರಿಗೆ ಮಟ್ಟಸವಾಗಿ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕರಗಿಸಿ ಕೊಡಿ. ಸರಿಯಾದ ಸೂತ್ರವಿಲ್ಲದ ಸಿಹಿ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಎಂದು ಹಾಕಬಾರದೆಂದು ಸರ್ಕಾರದ ಆಹಾರ ಸುರಕ್ಷತಾ ಪ್ರಾಧಿಕಾರವು ೨೦೨೫ರ ಅಕ್ಟೋಬರಿನಲ್ಲಿ ಆಜ್ಞೆ ಮಾಡಿತು. ಅದೇ ಸಕ್ಕರೆ ಅಳತೆಯಲ್ಲಿದ್ದರೆ ಔಷಧ. ಅತಿಯಾದರೆ ಅಮೃತವೂ ವಿಷವೆಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುವವರು ಇದ್ದಕ್ಕಿದ್ದಂತೆ ಬೆವತು ನಡುಗಿದರೆ ಕೂಡಲೇ ಸಕ್ಕರೆ ತಿನ್ನಬೇಕೆಂಬುದನ್ನೂ ಮರೆಯಬಾರದು.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇನೆ. ನಾವು ಬಾಟಲಿ ಬಿಟ್ಟರೆ ಕಬ್ಬಿಗೆ ನಷ್ಟವೇ? ೨೦೨೫–೨೬ರ ಹಂಗಾಮಿಗೆ ಕೇಂದ್ರ ಸರ್ಕಾರವು ನಿಗದಿ ಮಾಡಿದ ಬೆಲೆ, ೧೦.೨೫ ಇಳುವರಿಯ ಕಬ್ಬಿಗೆ ಕ್ವಿಂಟಾಲಿಗೆ ೩೫೫ ರೂಪಾಯಿ. ೩೦ ಗ್ರಾಂ ಸಕ್ಕರೆಗೆ ಬೇಕಾದ ಕಬ್ಬು ಸುಮಾರು ೩೦೦ ಗ್ರಾಂ. ಅದರ ಬೆಲೆ ಒಂದು ರೂಪಾಯಿಗೆ ನಾಲ್ಕಾರು ಪೈಸೆ ಹೆಚ್ಚು. ಬಾಟಲಿಗೆ ನಾವು ಕೊಡುವ ಹಣದಲ್ಲಿ ಕಬ್ಬು ಬೆಳೆದವನಿಗೆ ಸೇರುವುದು ಇಷ್ಟೇ. ಎಳನೀರಿಗೆ ಕೊಟ್ಟ ಹಣದಲ್ಲಾದರೋ ದೊಡ್ಡ ಪಾಲು ತೋಟದವನಿಗೇ ಬರುತ್ತದೆ. ಮದ್ದೂರಿನ ಮಾರುಕಟ್ಟೆಯಿಂದ ದೂರದ ಊರುಗಳಿಗೆ ಎಳನೀರು ಕಳಿಸುವ ನಾವು, ನಮ್ಮ ಮನೆಯ ಮದುವೆಗೆ ಬಾಟಲಿ ತರುತ್ತಿದ್ದೇವೆ! ಎಳನೀರಿನ ಸಿಹಿ ಕೋಲಾದ ಅರ್ಧದಷ್ಟು, ಇಲ್ಲವೇ ಅದಕ್ಕಿಂತ ಕಡಮೆ. (ಮೂತ್ರಪಿಂಡದ ಕಾಯಿಲೆಯವರು ಮಾತ್ರ ವೈದ್ಯರನ್ನು ಕೇಳಿ ಕುಡಿಯಬೇಕು.) ಕಬ್ಬಿನಿಂದ ಈಗ ಎಥನಾಲೂ ಆಗುತ್ತಿದೆ. ೨೦೨೫ರ ಹೊತ್ತಿಗೆ ಪೆಟ್ರೋಲಿನಲ್ಲಿ ನೂರಕ್ಕೆ ೨೦ ಪಾಲು ಎಥನಾಲು ಬೆರೆಯಿತು. ನಮ್ಮ ಮಕ್ಕಳ ಹಲ್ಲು ಹಾಳಾದರೆ ಮಾತ್ರ ಕಬ್ಬಿಗೆ ಬೆಲೆ ಬರುವುದೆಂದು ಭಾವಿಸಬೇಕಾಗಿಲ್ಲ.

ಕೊನೆಯದಾಗಿ, ಮಾಡಬೇಕಾದ ಕೆಲಸ. ಒಂದು, ಮದುವೆ, ನಾಮಕರಣ, ಗೃಹಪ್ರವೇಶಗಳಲ್ಲಿ ಬಾಟಲಿಗೆ ಬದಲು ನೀರುಮಜ್ಜಿಗೆ, ಎಳನೀರು ಕೊಡಿ. ಪಾನಕ ಮಾಡಿದರೆ ಬೆಲ್ಲ ಹಿಡಿತದಲ್ಲಿರಲಿ. ಎರಡು, ಕೊಯ್ಲಿನಲ್ಲಿ ಆಳುಗಳಿಗೆ ನೀರು, ರಾಗಿ ಅಂಬಲಿ ಕಳುಹಿಸಿ. ಮೂರು, ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಾದ ತಿನಿಸುಗಳನ್ನು ಶಾಲೆಯ ಬಾಗಿಲಿನಿಂದ ೫೦ ಮೀಟರಿನೊಳಗೆ ಮಕ್ಕಳಿಗೆ ಮಾರಬಾರದೆಂದು ೨೦೨೦ರ ನಿಯಮವಿದೆ. ಪಂಚಾಯತಿಯವರು ಅಂಗಡಿಯವರೊಂದಿಗೆ ಸಮಾಧಾನದಿಂದ ಮಾತನಾಡಲಿ. ನಾಲ್ಕು, ಕಾಫಿಗೆ ಹಾಕುವ ಸಕ್ಕರೆಯನ್ನು ವಾರಕ್ಕೆ ಅರ್ಧ ಚಮಚದಂತೆ ಇಳಿಸಿ, ನಾಲಗೆ ಒಗ್ಗಿಕೊಳ್ಳುತ್ತದೆ. ಐದು, ಮೂವತ್ತು ದಾಟಿದ ಗಂಡಸರೂ ಹೆಂಗಸರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತದ ಸಕ್ಕರೆಯನ್ನು ಪರೀಕ್ಷೆ ಮಾಡಿಸಿಕೊಳ್ಳಿ. ಹೊಸ್ತಿಲಲ್ಲಿರುವಾಗ ತಿಳಿದರೆ ಹಿಂದಕ್ಕೆ ಬರಲು ದಾರಿಯುಂಟು.

ಮಣ್ಣನ್ನು ಪರೀಕ್ಷೆಗೆ ಕಳಿಸಿ ಗೊಬ್ಬರದ ಅಳತೆ ತಿಳಿದುಕೊಂಡ ಊರು ಇದು. ಮೈಗೂ ಅದೇ ಕ್ರಮವನ್ನು ಅನುಸರಿಸಬೇಕೆಂದು ಪ್ರಾರ್ಥಿಸುತ್ತ ನನ್ನ ಮಾತನ್ನು ಮುಗಿಸುತ್ತೇನೆ.