ಸಕ್ಕರೆ ಕಾಯಿಲೆಯವರಿಗೆ ಸಕ್ಕರೆ ಇಳಿಯುವುದೇಕೆ?

(ಹಾಲು ಉತ್ಪಾದಕ ಸದಸ್ಯರ ಆರೋಗ್ಯ ಶಿಬಿರದಲ್ಲಿ ವೈದ್ಯರು ಮಾಡಿದ ಭಾಷಣ)



ಹೆಚ್ಚು ಹಾಲು ಕೊಡುವ ಹಸು ಕರು ಹಾಕಿದ ಕೆಲವು ವಾರಗಳಲ್ಲಿ ಹಿಂಡಿ ಬಿಟ್ಟು ಮಂಕಾಗಿ ನಿಂತರೆ ನೀವು ಪಶುವೈದ್ಯರನ್ನು ಕರೆಸುತ್ತೀರಿ. ಕೀಟೋಸಿಸ್ ಎಂದು ಕಂಡುಬಂದರೆ ಅವರು ರಕ್ತನಾಳಕ್ಕೆ ಗ್ಲೂಕೋಸ್ ಕೊಡುತ್ತಾರೆ. ಹಸುವಿನ ರಕ್ತದಲ್ಲಿ ಸಕ್ಕರೆ ಇಳಿದರೆ ಏನಾಗುತ್ತದೆಂದು ನೀವು ಬಲ್ಲಿರಿ. ಮನುಷ್ಯರಲ್ಲೂ ಸಕ್ಕರೆ ಇಳಿಯುತ್ತದೆ, ಅದೂ ಹೆಚ್ಚಾಗಿ ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರಲ್ಲಿ.

100 ಮಿಲಿಲೀಟರ್ ರಕ್ತದಲ್ಲಿ ಸಕ್ಕರೆ 70 ಮಿಲಿಗ್ರಾಂಗಿಂತ ಕಡಿಮೆಯಾದರೆ ಎಚ್ಚರ ವಹಿಸಬೇಕು. 54ಕ್ಕಿಂತ ಕೆಳಗಿಳಿದರೆ ಅಪಾಯ. ಬೆವರು, ನಡುಕ, ಎದೆಬಡಿತ, ವಿಪರೀತ ಹಸಿವು ಇದರ ಲಕ್ಷಣಗಳು. ಆಮೇಲೆ ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ಹೊಲದ ಬದುವಿನಲ್ಲಿ ಹೀಗೆ ಕುಸಿದವರನ್ನು ಕುಡಿದಿದ್ದಾರೆಂದು ತಿಳಿದು ಬಿಟ್ಟುಹೋದರೆ ಜೀವಕ್ಕೇ ಕುತ್ತು.

"ಕಾರಣವೇ ಇಲ್ಲದೆ ಇಳಿಯಿತು" ಎಂದು ಅನೇಕರು ಹೇಳುತ್ತಾರೆ. ಹುಡುಕಿದರೆ ಕಾರಣ ಬಹುಮಟ್ಟಿಗೆ ಸಿಗುತ್ತದೆ.

ಮೊದಲನೆಯದು ನಮ್ಮ ದಿನಚರಿ. ಬೆಳಿಗ್ಗೆ ಐದಕ್ಕೆ ಎದ್ದು ಇನ್ಸುಲಿನ್ ಚುಚ್ಚಿಕೊಂಡು, ಅಥವಾ ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ ಹಾಲು ಕರೆಯುತ್ತೀರಿ. ಡೇರಿಗೆ ಹಾಲು ಹಾಕಿ, ಹುಲ್ಲು ಕೊಯ್ದು ತಂದು ತಿಂಡಿಗೆ ಕೂರುವಾಗ ಹತ್ತು ಗಂಟೆ. ಔಷಧಿ ಊಟಕ್ಕಾಗಿ ಕಾಯುವುದಿಲ್ಲ. ಯಾವ ಔಷಧಿ, ಊಟಕ್ಕೆ ಎಷ್ಟು ಮುಂಚೆ ಎಂದು ವೈದ್ಯರನ್ನು ಕೇಳಿ, ನಿಮ್ಮ ಕೆಲಸದ ವೇಳೆಯನ್ನೂ ಅವರಿಗೆ ತಿಳಿಸಿ.

ಎರಡನೆಯದು ಮೈಮುರಿಯುವ ದುಡಿಮೆ. ಹಗಲು ದುಡಿದ ಮಾಂಸಖಂಡಗಳು ರಾತ್ರಿಯೂ ಸಕ್ಕರೆ ಎಳೆದುಕೊಳ್ಳುತ್ತವೆ. ಗೊಬ್ಬರ ಹೊತ್ತ ದಿನ ಸಕ್ಕರೆ ಇಳಿಯುವುದು ಮಧ್ಯರಾತ್ರಿ ಇರಬಹುದು.

ಮೂರನೆಯದು ಸಿರಿಂಜು. ನಮ್ಮ ದೇಶದಲ್ಲಿ ಇನ್ಸುಲಿನ್ ಮಿಲಿಲೀಟರಿಗೆ 40 ಯೂನಿಟ್, 100 ಯೂನಿಟ್ ಎಂದು ಎರಡು ಬಲದಲ್ಲಿ ಸಿಗುತ್ತದೆ. 40ರದ್ದಕ್ಕೆ ಕೆಂಪು ಮುಚ್ಚಳದ ಸಿರಿಂಜು, 100ರದ್ದಕ್ಕೆ ಕಿತ್ತಳೆ ಮುಚ್ಚಳದ್ದು. 100ರ ಸೀಸೆಯಿಂದ ಕೆಂಪು ಸಿರಿಂಜಿನ 10ರ ಗೆರೆಗೆ ಎಳೆದರೆ ಮೈಗೆ ಹೋಗುವುದು 25 ಯೂನಿಟ್! ಸೀಸೆ ಬದಲಾದಾಗಲೆಲ್ಲ ಚೀಟಿ ಓದಿಸಿಕೊಳ್ಳಿ.

ನಾಲ್ಕನೆಯದು ಚುಚ್ಚುವ ಜಾಗ. ಒಂದೇ ಕಡೆ ಚುಚ್ಚಿದರೆ ಗಂಟು ಕಟ್ಟಿ ಇನ್ಸುಲಿನ್ ಸರಿಯಾಗಿ ಹೀರುವುದಿಲ್ಲ. ಆಮೇಲೆ ಒಳ್ಳೆಯ ಜಾಗಕ್ಕೆ ಅದೇ ಪ್ರಮಾಣ ಚುಚ್ಚಿದಾಗ ಸಕ್ಕರೆ ಧಡಕ್ಕನೆ ಇಳಿಯುತ್ತದೆ.

ಮೂತ್ರಪಿಂಡ ಸೊರಗಿದರೂ ಔಷಧಿ ಮೈಯಲ್ಲೇ ಉಳಿದು ಹೆಚ್ಚು ಹೊತ್ತು ಕೆಲಸ ಮಾಡುತ್ತದೆ. ಬರಿಹೊಟ್ಟೆಯಲ್ಲಿ ಮದ್ಯ ಕುಡಿದರೆ ಯಕೃತ್ತು ಸಕ್ಕರೆ ತಯಾರಿಸಲಾರದು. ಇನ್ನು ಹೆಸರಿಲ್ಲದ ಪುಡಿ, ಗುಳಿಗೆಗಳು. 2008ರಲ್ಲಿ ಸಿಂಗಪುರದಲ್ಲಿ ಕಳ್ಳಮಾರ್ಗದ ಶಕ್ತಿವರ್ಧಕ ಗುಳಿಗೆಗಳಲ್ಲಿ ಗ್ಲಿಬೆನ್‌ಕ್ಲಮೈಡ್ ಬೆರೆತು, ಕಾಯಿಲೆ ಇಲ್ಲದವರೂ ಸಕ್ಕರೆ ಇಳಿದು ಸತ್ತರು.

ಕೆಲವೊಮ್ಮೆ ಮೈ ಸರಿಯಿದ್ದು ಲೆಕ್ಕವೇ ತಪ್ಪುತ್ತದೆ. ಹಾಲಿನ ಮಾದರಿ ಬಿಸಿಲಲ್ಲಿಟ್ಟರೆ ಕೆಡುವಂತೆ, ತೆಗೆದ ರಕ್ತವನ್ನು ಪರೀಕ್ಷಿಸದೆ ಗಂಟೆಗಟ್ಟಲೆ ಇಟ್ಟರೆ ರಕ್ತಕಣಗಳೇ ಸಕ್ಕರೆ ತಿಂದುಬಿಡುತ್ತವೆ. ತೇವ ತಾಕಿದ, ಅವಧಿ ಮುಗಿದ ಪರೀಕ್ಷಾಪಟ್ಟಿಯೂ ಸುಳ್ಳು ಹೇಳುತ್ತದೆ. ಅನುಮಾನವಿದ್ದರೆ ಕೈ ತೊಳೆದು ಒರೆಸಿಕೊಂಡು ಇನ್ನೊಮ್ಮೆ ನೋಡಿ. ಆದರೆ ಬೆವರು, ನಡುಕ ಇದ್ದರೆ ಯಂತ್ರಕ್ಕೆ ಕಾಯದೆ ಸಕ್ಕರೆ ಕೊಡಿ.

ಕೊಡುವುದು ಹೇಗೆ? ಮೂರು ಚಿಕ್ಕ ಚಮಚ ಗ್ಲೂಕೋಸ್ ಪುಡಿ ಅಥವಾ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಿ. ವೊಗ್ಲಿಬೋಸ್, ಅಕಾರ್ಬೋಸ್ ಮಾತ್ರೆ ತೆಗೆದುಕೊಳ್ಳುವವರಿಗೆ ಗ್ಲೂಕೋಸ್ ಪುಡಿಯೇ ಬೇಕು. ಅವರಲ್ಲಿ ಮನೆಯ ಸಕ್ಕರೆ ನಿಧಾನ. 15 ನಿಮಿಷದಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ ಕೊಡಿ. ಚೇತರಿಸಿದ ಮೇಲೆ ಹಾಲು, ರೊಟ್ಟಿ, ಮುದ್ದೆ ಕೊಡಿ. ನಮ್ಮ ಗಟ್ಟಿ ಹಾಲು ಒಳ್ಳೆಯದೇ, ಆದರೆ ಅದರ ಕೊಬ್ಬು ಸಕ್ಕರೆಯನ್ನು ತಡವಾಗಿ ಬಿಡುತ್ತದೆ. ಪ್ರಜ್ಞೆ ಇಲ್ಲದವರ ಬಾಯಿಗೆ ಏನನ್ನೂ ಹಾಕಬೇಡಿ. ಮಗ್ಗುಲಾಗಿ ಮಲಗಿಸಿ ಆಸ್ಪತ್ರೆಗೆ ಒಯ್ಯಿರಿ. ಮಾತ್ರೆಯಿಂದ ಇಳಿದ ಸಕ್ಕರೆ ಒಂದು ದಿನದವರೆಗೂ ಮರುಕಳಿಸಬಹುದು. ಎಚ್ಚರವಾದರೆಂದು ಒಂಟಿಯಾಗಿ ಬಿಡಬೇಡಿ, ವೈದ್ಯರಿಗೆ ತೋರಿಸಿ.

ಸಕ್ಕರೆ ಇಳಿಯಿತೆಂದು ಹೆದರಿ ಔಷಧಿಯನ್ನು ನೀವಾಗಿ ನಿಲ್ಲಿಸಬೇಡಿ. ದಿನ, ವೇಳೆ, ತಿಂದದ್ದು, ದುಡಿದದ್ದನ್ನು ಬರೆದಿಟ್ಟು ವೈದ್ಯರ ಮುಂದಿಡಿ. ಹಾಲಿನ ಲೆಕ್ಕಕ್ಕೆ ಪುಸ್ತಕ ಇಡುವ ನಿಮಗೆ ಇದು ಹೊಸದಲ್ಲ. ನಾಳೆ ಬೆಳಿಗ್ಗೆ ಕ್ಯಾನಿನ ಜೊತೆಗೆ ಜೇಬಿನಲ್ಲೊಂದು ಗ್ಲೂಕೋಸ್ ಪೊಟ್ಟಣವೂ ಇರಲಿ.