ರನ್ನನ ಊರಿನಲ್ಲಿ ನಿಂತು ಕೇಳೋಣ: ನಮ್ಮ ಕನ್ನಡ ತಿದ್ದುವವರು ಯಾರು?

(ರನ್ನ ಬೆಳಗಲಿಯಲ್ಲಿ, ನಗರಗಳಿಂದ ಬಂದಿದ್ದ ಕನ್ನಡ ಯುವಜನರ ಮುಂದೆ ನಿವೃತ್ತ ಅಧ್ಯಾಪಕರೊಬ್ಬರು ಆಡಿದ ಮಾತಿನ ಬರಹರೂಪ)



ಬೆಂಗಳೂರಿನಿಂದ ರಾತ್ರಿಯೆಲ್ಲ ಬಸ್ಸಿನಲ್ಲಿ ಕೂತು ಮುಧೋಳಕ್ಕೆ ಬಂದು, ಅಲ್ಲಿಂದ ಈ ಊರಿಗೆ ಬಂದಿದ್ದೀರಿ. ಯಾಕೆ? ರನ್ನ ಹುಟ್ಟಿದ ಮಣ್ಣು ಎಂದು. ಸಂತೋಷ. ಹಾರ ಹಾಕೋಣ, ಜೈಕಾರ ಕೂಗೋಣ. ಆದರೆ ಬಸ್ಸು ಹತ್ತುವ ಮುಂಚೆ ಒಂದು ಪ್ರಶ್ನೆ ಕೇಳಿಕೊಂಡು ಹೋಗಿ. ನೀವು ಬರೆದ ಕನ್ನಡವನ್ನು ಇವತ್ತು ಓದುವವರು ಯಾರು? ತಿದ್ದುವವರು ಯಾರು?

ರನ್ನ ಬಳೆಗಾರರ ಮನೆಯ ಹುಡುಗ. ಹತ್ತನೆಯ ಶತಮಾನದಲ್ಲಿ ಓದಿನ ಹಸಿವಿಗೆ ಊರು ಬಿಟ್ಟು ಶ್ರವಣಬೆಳಗೊಳದ ದಾರಿ ಹಿಡಿದ. ಅಜಿತಸೇನಾಚಾರ್ಯರು ಗುರುವಾದರು, ಚಾವುಂಡರಾಯ ಆಸರೆ ಕೊಟ್ಟ. ಮುಂದೆ ಅತ್ತಿಮಬ್ಬೆಯ ಆಶ್ರಯದಲ್ಲಿ 993ರಲ್ಲಿ ‘ಅಜಿತಪುರಾಣ’ ಬರೆದ. ಅದರಲ್ಲಿ ಅವನ ಸವಾಲು ನಿಮಗೆ ಗೊತ್ತಿರಬೇಕು. ಸರ್ಪರಾಜನ ಹೆಡೆಯ ರತ್ನವನ್ನೂ ನನ್ನ ಕೃತಿಯನ್ನೂ ಪರೀಕ್ಷೆ ಮಾಡುತ್ತೇನೆ ಎನ್ನುವವನಿಗೆ ಎಂಟು ಎದೆ ಇದೆಯೇ ಎಂದು ಕೇಳಿದ! ಸೊಕ್ಕು ಎನ್ನುತ್ತೀರಾ? ಅನ್ನಿ. ನನಗೆ ಅದರಲ್ಲಿ ಒಂದು ಹಕ್ಕು ಕಾಣುತ್ತದೆ. ನನ್ನ ಬರಹವನ್ನು ಅಳೆಯುವವನಿಗೆ ಅಳೆಯುವ ಯೋಗ್ಯತೆ ಇರಬೇಕು ಎಂದು ಕೇಳುವ ಹಕ್ಕು.

ಇವತ್ತಿನ ಪರೀಕ್ಷಕನಿಗೆ ಎಂಟು ಎದೆ ಬೇಡ, ಒಂದೂ ಇಲ್ಲ. ರಾತ್ರಿ ಹನ್ನೊಂದಕ್ಕೆ ಹಾಸ್ಟೆಲಿನ ಹುಡುಗ ತನ್ನ ಅಸೈನ್‌ಮೆಂಟನ್ನು ಮೊಬೈಲಿನ ಎಐ ಯಂತ್ರಕ್ಕೆ ಹಾಕುತ್ತಾನೆ. ‘ಹೇಗಿದೆ, ಹೇಳು’ ಎನ್ನುತ್ತಾನೆ. ಅರ್ಧ ನಿಮಿಷದಲ್ಲಿ ಉತ್ತರ ಸಿದ್ಧ. ಇಲ್ಲಿ ಕಾಗುಣಿತ ತಪ್ಪು, ಇಲ್ಲಿ ವಾದ ಸಡಿಲ, ಈ ಪ್ಯಾರಾ ಮುಂದೆ ಹಾಕು.

ಹುಡುಗನನ್ನು ಬೈಯಬೇಡಿ. ಮೊದಲು ನನ್ನಂಥವರನ್ನು ಬೈಯಿರಿ! ವರ್ಷಗಟ್ಟಲೆ ಬಂಡಲ್ ಬಂಡಲ್ ಉತ್ತರಪತ್ರಿಕೆ ನೋಡಿದವನು ನಾನು. ಕೆಂಪು ಶಾಯಿಯಲ್ಲಿ ಒಂದು ಗೆರೆ, ಒಂದು ಅಂಕಿ, ಒಂದು ಸಹಿ. ಮಗೂ, ಇದು ಚೆನ್ನಾಗಿದೆ, ಇದು ಯಾಕೆ ಹೀಗೆ ಬರೆದೆ ಎಂದು ಎಷ್ಟು ಹಾಳೆಯ ಮೇಲೆ ಬರೆದಿದ್ದೇನೆ? ಕೈಬೆರಳಲ್ಲಿ ಎಣಿಸಬಹುದು. ಇನ್ನು ಸರ್ಕಾರಿ ಪದವಿ ಕಾಲೇಜುಗಳನ್ನು ನೋಡಿ. ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರ ಹೆಗಲ ಮೇಲೆ ಪಾಠ ನಡೆದಿದೆ. ಕೆಲಸ ಕಾಯಂ ಮಾಡಿ ಎಂದು ಅವರು 2023ರ ಕೊನೆಯಲ್ಲಿ ಬೀದಿಯಲ್ಲಿ ಕೂತಿದ್ದರು. ನಾಳೆ ಕೆಲಸ ಇರುತ್ತದೋ ಇಲ್ಲವೋ ಎನ್ನುವವನು ನೂರು ಪ್ರಬಂಧಕ್ಕೆ ನೂರು ಟಿಪ್ಪಣಿ ಬರೆಯಲಿ ಎಂದರೆ ಹೇಗೆ? ಗುರು ಎದ್ದು ಹೋದ ಕುರ್ಚಿಯಲ್ಲಿ ಯಂತ್ರ ಬಂದು ಕೂತಿದೆ, ಅಷ್ಟೆ.

ಇದು ನಮ್ಮೊಬ್ಬರ ಕಥೆಯಲ್ಲ. ಆಸ್ಟ್ರೇಲಿಯಾದ ನಾಲ್ಕು ವಿಶ್ವವಿದ್ಯಾಲಯಗಳಲ್ಲಿ ಸುಮಾರು 7000 ವಿದ್ಯಾರ್ಥಿಗಳನ್ನು ಕೇಳಿ 2025ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅರ್ಧದಷ್ಟು ಮಂದಿ ತಮ್ಮ ಬರಹದ ಬಗ್ಗೆ ಯಂತ್ರದ ಅಭಿಪ್ರಾಯ ಕೇಳಿದವರೇ. ಉಪಯೋಗವೇ ಎಂದರೆ ಯಂತ್ರಕ್ಕೂ ಮೇಷ್ಟರಿಗೂ ಹೆಚ್ಚುಕಡಿಮೆ ಸಮ ಅಂಕ. ನಂಬುತ್ತೀರಾ ಎಂದು ಕೇಳಿದಾಗ? ಯಂತ್ರವನ್ನು ನಂಬಿದವರು ನೂರಕ್ಕೆ 60, ಮೇಷ್ಟರನ್ನು ನಂಬಿದವರು 90! ಬೇಗ ಸಿಗುತ್ತದೆ, ಮುಖ ನೋಡಿ ನಾಚಬೇಕಿಲ್ಲ ಎಂದು ಯಂತ್ರದ ಹತ್ತಿರ ಹೋಗುತ್ತಾರೆ. ಭರವಸೆ ಮಾತ್ರ ಮನುಷ್ಯನ ಮೇಲೆ.

ಅವರು ಬರೆಯುವುದು ಇಂಗ್ಲಿಷಿನಲ್ಲಿ. ಕನ್ನಡದಲ್ಲಿ ಬರೆದವರ ಗತಿ ಏನು? ಕೇಳಿ.

ಈ ಸೀಮೆಯ ಒಬ್ಬ ಹುಡುಗಿ, ಬಿ.ಎ. ಓದುವವಳು, ತನ್ನ ಮನೆಯ ಕಬ್ಬಿನ ಬೇಸಾಯದ ಮೇಲೆ ಪ್ರಬಂಧ ಬರೆದಳು. ಅಪ್ಪ ಎರಡು ಎಕರೆ ಹೊಲ ಲಾವಣಿಗೆ ಹಿಡಿದು, ಎಡೆ ಹೊಡೆದು, ಹಂಗಾಮಿಗೆ ಕಾದ ಎಂದು ಬರೆದಿದ್ದಳು. ನಗರದ ಗೆಳೆಯರೇ, ಇಲ್ಲಿ ಲಾವಣಿ ಎಂದರೆ ಗೇಣಿ. ಎಡೆ ಹೊಡೆಯುವುದು ಎಂದರೆ ಬೆಳೆಯ ಸಾಲುಗಳ ನಡುವೆ ಎಡೆಕುಂಟೆ ಹಾಯಿಸಿ ಕಳೆ ತೆಗೆಯುವುದು. ಯಂತ್ರ ಏನು ಹೇಳಿತು? ಲಾವಣಿ ಜನಪದ ಹಾಡು, ಹಿಡಿಯುವುದಲ್ಲ, ಹಾಡುವುದು. ಎಡೆ ದೇವರಿಗೆ ಇಡುವ ನೈವೇದ್ಯ, ಹೊಡೆಯುವುದಲ್ಲ, ಇಡುವುದು. ಹುಡುಗಿ ತಿದ್ದಿಕೊಂಡಳು. ಗೇಣಿ ಹೊಲದಲ್ಲಿ ಬೆವರು ಸುರಿಸಿದ ಅಪ್ಪ, ಲಾವಣಿ ಹಾಡಿ ದೇವರಿಗೆ ಎಡೆ ಇಟ್ಟುಬಿಟ್ಟ!

ನೀವು ನಗುತ್ತೀರಿ. ನಾನೂ ನಕ್ಕೆ. ಆದರೆ ಅವಳಿಗೆ ಪಾಠ ಹೇಳುವ ಅತಿಥಿ ಉಪನ್ಯಾಸಕ ನಗಲಿಲ್ಲ. ಅವಳನ್ನು ಕರೆದು, ‘ನಿಮ್ಮಪ್ಪ ಹಾಡ್ತಾನೇನವಾ?’ ಎಂದು ಕೇಳಿದ. ‘ಇಲ್ರೀ ಸರ್, ನಮ್ಮಪ್ಪಗ ಶುದ್ಧ ಕನ್ನಡ ಬರೂದಿಲ್ರೀ, ಅದಕ್ಕ ತಿದ್ದೇನಿ’ ಎಂದಳಂತೆ. ಈ ಮಾತು ಕೇಳಿದ ಮೇಲೆ ನನ್ನ ನಗು ನಿಂತುಹೋಯಿತು. ಯಂತ್ರ ಎರಡು ಶಬ್ದ ತಪ್ಪಾಗಿ ತಿದ್ದಿದ್ದು ದೊಡ್ಡದಲ್ಲ. ಮಗಳು ಅಪ್ಪನ ಮಾತನ್ನು ಬಿಟ್ಟು ಯಂತ್ರದ ಮಾತನ್ನು ನಂಬಿದಳಲ್ಲ, ಅದು ದೊಡ್ಡದು!

ಅದೇ ಯಂತ್ರ ಅವಳ ಅಲ್ಪಪ್ರಾಣ ಮಹಾಪ್ರಾಣ ಸರಿಯಾಗಿ ತಿದ್ದಿತ್ತು. ಪ್ಯಾರಾಗಳ ಕ್ರಮವನ್ನೂ ಚೆನ್ನಾಗಿಯೇ ಹೇಳಿತ್ತು. ಅದನ್ನು ಒಪ್ಪೋಣ. ಹೊಲ ನೋಡಿದವನು ಮಾತ್ರ ಕೇಳಬಹುದಾದ ಪ್ರಶ್ನೆಯನ್ನು ಅದು ಕೇಳಲಿಲ್ಲ. ಕೇಳಿದವನು ಕಾಯಂ ಅಲ್ಲದ ಮೇಷ್ಟರು.

ಇನ್ನೊಂದು ವಿಪರ್ಯಾಸ ನೋಡಿ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ಕನ್ನಡದ ತಿರುಳು ಎಲ್ಲಿದೆ ಎಂದು ಹೇಳುವಾಗ ಕಿಸುವೊಳಲನ್ನು ಹೆಸರಿಸುತ್ತದೆ. ಕಿಸುವೊಳಲು ಎಂದರೆ ಪಟ್ಟದಕಲ್ಲು, ಇದೇ ಬಾಗಲಕೋಟೆ ಜಿಲ್ಲೆ. ಕನ್ನಡದ ದೇಸಿ ಊರೂರಿಗೂ ಬೇರೆ, ಅದರ ದೋಷ ಹುಡುಕಹೊರಟರೆ ವಾಸುಕಿಗೂ ಬೇಸರವಾದೀತು ಎಂದೂ ಹೇಳುತ್ತದೆ. ಸಾವಿರ ವರ್ಷದ ಹಿಂದೆ ತಿರುಳು ಎನಿಸಿದ ಸೀಮೆಯ ಕನ್ನಡ ಇವತ್ತು ಯಂತ್ರದ ಕಣ್ಣಿಗೆ ತಪ್ಪು ಕನ್ನಡ!

ಯಾಕೆ ಹೀಗೆ? ಯಂತ್ರ ತಾನು ಓದಿದ್ದನ್ನೇ ಹೇಳುತ್ತದೆ. ಅಂತರ್ಜಾಲದ ವಿಕಿಪೀಡಿಯದಲ್ಲಿ ಇಂಗ್ಲಿಷ್ ಲೇಖನ 70 ಲಕ್ಷ ದಾಟಿವೆ. ಕನ್ನಡದ್ದು ಮೂವತ್ತು ಸಾವಿರ ಚಿಲ್ಲರೆ. 2011ರ ಜನಗಣತಿಯಲ್ಲಿ ಕನ್ನಡ ತಾಯ್ನುಡಿ ಎಂದವರು ನಾಲ್ಕು ಕೋಟಿ ಮೂವತ್ತು ಲಕ್ಷಕ್ಕೂ ಹೆಚ್ಚು. ಇಷ್ಟು ಜನ ಇದ್ದೂ ಅಷ್ಟೇ ಬರಹ! ಗಣಕದ ಒಳಗೂ ಸಮಾನತೆ ಇಲ್ಲ. ಈಗಿನ ರೂಢಿಯ ಸಂಕೇತದಲ್ಲಿ ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು, ಕನ್ನಡದ ಒಂದೊಂದು ಚಿಹ್ನೆಗೂ ಮೂರು ಬೇಕು. 2024ರ ಮೇ ತಿಂಗಳಲ್ಲಿ ಓಪನ್‌ಎಐ ಕಂಪನಿ, ತನ್ನ ಹೊಸ ಯಂತ್ರ ಭಾಷೆಗಳನ್ನು ಮೊದಲಿಗಿಂತ ಕಡಿಮೆ ತುಂಡುಗಳಲ್ಲಿ ಓದುತ್ತದೆ ಎಂದು ಮಾದರಿಗೆ 20 ಭಾಷೆಗಳ ಪಟ್ಟಿ ಕೊಟ್ಟಿತು. ಗುಜರಾತಿ ಇತ್ತು, ತೆಲುಗು ಇತ್ತು, ತಮಿಳು, ಮರಾಠಿ, ಹಿಂದಿ, ಉರ್ದು ಇದ್ದವು. ಕನ್ನಡ ಇರಲಿಲ್ಲ. ಯಂತ್ರ ಕನ್ನಡ ಓದುತ್ತದೆ, ನಿಜ. ಆದರೆ ತೋರಿಸುವ ಪಟ್ಟಿಯಲ್ಲಿ ನಮಗೆ ಜಾಗ ಇರಲಿಲ್ಲ. ಬಸ್ಸಿನ ಬೋರ್ಡಿನಲ್ಲಿ ಕನ್ನಡ ಇಲ್ಲದಿದ್ದರೆ ಕೂಗುವ ನಾವು ಇದಕ್ಕೆ ಕೂಗಿದೆವೇ?

ಹಾಗಾದರೆ ಮಾಡಬೇಕಾದ್ದೇನು? ಮೊಬೈಲ್ ಒಡೆಯುವುದೇ? ಬೇಡ. ಕೇಳಬೇಕಾದ್ದನ್ನು ಕೇಳಿ.

ಒಂದು, ನಿಮ್ಮ ಉತ್ತರಪತ್ರಿಕೆ ನೋಡುವ ಹಕ್ಕು ನಿಮ್ಮದು. ಮಾಹಿತಿ ಹಕ್ಕಿನಡಿ ಅದನ್ನು ತೋರಿಸಬೇಕೆಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಕೇಳಿ ಪಡೆಯಿರಿ. ಅಂಕಿಯ ಪಕ್ಕ ಒಂದು ಸಾಲು ಮಾತು ಬರೆಯಿರಿ ಎಂದು ಮೇಷ್ಟರನ್ನು ಒತ್ತಾಯಿಸಿ.

ಎರಡು, ಇಂಗ್ಲಿಷ್ ಮಾಧ್ಯಮದ ಕೋರ್ಸಾದರೂ ಪರೀಕ್ಷೆಯನ್ನು ಸ್ಥಳೀಯ ಭಾಷೆಯಲ್ಲಿ ಬರೆಯಲು ಬಿಡಿ ಎಂದು ಯುಜಿಸಿ 2023ರ ಏಪ್ರಿಲ್‌ನಲ್ಲಿ ವಿಶ್ವವಿದ್ಯಾಲಯಗಳಿಗೆ ಹೇಳಿತು. ಬರೆದದ್ದನ್ನು ಓದುವ ಕನ್ನಡ ಬಲ್ಲ ಪರೀಕ್ಷಕರು ಬೇಡವೇ? ಖಾಲಿ ಹುದ್ದೆ ತುಂಬಿ ಎನ್ನುವುದು ಮೇಷ್ಟರ ಹೊಟ್ಟೆಪಾಡಿನ ಕೂಗು ಮಾತ್ರವಲ್ಲ, ಕನ್ನಡದ ಕೂಗು.

ಮೂರು, ಯಂತ್ರ ಅಂಕ ಕೊಡುವುದಾದರೆ ಮೊದಲೇ ತಿಳಿಸಲಿ, ಕೊನೆಯ ಸಹಿ ಮನುಷ್ಯನದಿರಲಿ. ಯುರೋಪ್ ಒಕ್ಕೂಟ 2024ರ ತನ್ನ ಕಾನೂನಿನಲ್ಲಿ ವಿದ್ಯಾರ್ಥಿಯ ಕಲಿಕೆ ಅಳೆಯುವ ಯಂತ್ರಗಳನ್ನು ಹೆಚ್ಚು ಅಪಾಯದ ಸಾಲಿಗೆ ಸೇರಿಸಿದೆ. ನಮ್ಮ ಮಕ್ಕಳು ಅವರಿಗಿಂತ ಅಗ್ಗವೇ?

ನಾಲ್ಕನೆಯದು ನಿಮ್ಮ ಕೆಲಸ. ಊರಿಗೆ ಹೋದಾಗ ಅಪ್ಪ, ಅವ್ವ, ಅಜ್ಜಿಯ ಬಾಯಲ್ಲಿರುವ ಶಬ್ದಗಳನ್ನು ಬರೆದುಕೊಳ್ಳಿ. ಅರ್ಥ ಸಮೇತ ಅಂತರ್ಜಾಲಕ್ಕೆ ಹಾಕಿ. ಯಂತ್ರ ನಮ್ಮಿಂದ ಕಲಿಯಲಿ.

ನಮ್ಮ ಭಾಷೆಯಲ್ಲಿ ಮಗುವಿನ ಕೈ ಹಿಡಿದು ಬರೆಸುವುದಕ್ಕೂ ತಿದ್ದಿಸುವುದು ಎನ್ನುತ್ತೇವೆ, ತಪ್ಪು ಸರಿಪಡಿಸುವುದಕ್ಕೂ ತಿದ್ದುವುದು ಎನ್ನುತ್ತೇವೆ. ಎರಡಕ್ಕೂ ಕೈ ಹಿಡಿಯುವವರು ಬೇಕು. ಆ ಹುಡುಗಿ ಈಗ ಪ್ರಬಂಧವನ್ನು ಮತ್ತೆ ಬರೆದಿದ್ದಾಳೆ. ಹೊಲವನ್ನು ಅಪ್ಪ ಲಾವಣಿಗೇ ಹಿಡಿದಿದ್ದಾನೆ, ಎಡೆಯನ್ನು ಹೊಡೆದೇ ಇದ್ದಾನೆ. ಮುಂದಿನ ಸಲ ಯಂತ್ರ ನಿಮ್ಮ ಮನೆಯ ಮಾತನ್ನು ತಪ್ಪು ಎಂದರೆ, ಅಳಿಸುವ ಮೊದಲು ಮನೆಗೊಂದು ಫೋನ್ ಮಾಡಿ ಕೇಳಿ.

ಸಿರಿಗನ್ನಡಂ ಗೆಲ್ಗೆ!